ನಾಯಿಗೆ ಎರಡು ಕೆ.ಜಿ.

ಶಿವಾಜಿನಗರದ ಬೀಫ್ ಅಂಗಡಿಗಳಿಗೆ ಭಾನುವಾರ ಬೆಳಿಗ್ಗೆ ಎರಡು ಜಾತಿಯ ಗಿರಾಕಿಗಳು ಬರುತ್ತಾರೆ. ಮೊದಲನೆಯವರು ‘ಒಂದು ಕೆ.ಜಿ., ಮೂಳೆ ಸೇರಿಸಿ ಹಾಕಿ’ ಎಂದು ಹೇಳಿ, ದುಡ್ಡು ಕೊಟ್ಟು, ಚೀಲ ಬೀಸಿಕೊಂಡು ಹೋಗುತ್ತಾರೆ. ಎರಡನೆಯವರು ಸ್ಕೂಟರನ್ನು ಎರಡು ಬೀದಿ ಆಚೆ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆ ನಡೆದು ಬಂದು, ಯಾರೂ ಏನೂ ಕೇಳುವ ಮೊದಲೇ ‘ನಾಯಿಗೆ’ ಎನ್ನುತ್ತಾರೆ. ನಮ್ಮ ಪಕ್ಕದ ಮನೆಯ ಯಜಮಾನರು ಎರಡನೆಯ ಜಾತಿ.

ಹೆಸರು ಬೇಡ. ಇಂಥವರು ನಿಮ್ಮ ಬಡಾವಣೆಯಲ್ಲೂ ಇದ್ದಾರೆ. ಮನೆಯಲ್ಲಿ ಕುರಿ, ಕೋಳಿ ನಡೆಯುತ್ತದೆ; ಸೋಮವಾರ, ಶನಿವಾರ, ಶ್ರಾವಣ, ಕಾರ್ತಿಕ ಕಳೆದು ಉಳಿದ ದಿನಗಳಲ್ಲಿ. ‘ಅದು’ ಮಾತ್ರ ಇಲ್ಲ. ಮದುವೆ ಮಾತುಕತೆಯಲ್ಲಿ ಬೀಗರು ಕೇಳದಿದ್ದರೂ ‘ನಮ್ಮಲ್ಲಿ ಅದೆಲ್ಲ ಇಲ್ಲ’ ಎಂದು ಇವರೇ ಹೇಳಿಬಿಡುತ್ತಾರೆ. ಆದರೆ ಮೂಕಪ್ರಾಣಿಗೆ ಏನು ಮಾಡುವುದು? ಅದಕ್ಕೆ ಯಾವ ಶ್ರಾವಣ?

ಅಂಗಡಿಯವನಿಗೆ ಇವರ ಗುಟ್ಟು ಗೊತ್ತಿಲ್ಲದೆ ಏನಿಲ್ಲ. ಆದರೂ ವ್ಯಾಪಾರದ ಮರ್ಯಾದೆ.

“ನಾಯಿಗೆ ಅಂದ್ರೆ ಈ ಕಡೆ ಇದೆ ಸಾರ್,” ಎಂದು ಅವನು ಮೂಲೆಯ ಬೋಗುಣಿ ತೋರಿಸುತ್ತಾನೆ. ಅದರಲ್ಲಿ ಶ್ವಾಸಕೋಶ, ಕೊಬ್ಬು, ಕತ್ತರಿಸಿ ಉಳಿದ ಚೂರುಪಾರು. ನಿಜವಾದ ನಾಯಿಗಳ ಯಜಮಾನರು ಒಯ್ಯುವುದು ಅದನ್ನೇ.

“ಅದು ಬೇಡಪ್ಪ, ಅಂಡರ್‌ಕಟ್ ಕೊಡು.”

“ನಾಯಿಗೆ ಅಂಡರ್‌ಕಟ್ಟಾ ಸಾರ್?”

“ಅದರ ಹಲ್ಲು ಸ್ವಲ್ಪ ಸರಿಯಿಲ್ಲ.”

“ಪೀಸು?”

“ಮೀಡಿಯಮ್. ಸ್ವಲ್ಪ ಎದೆ ಭಾಗದ್ದೂ ಸೇರಿಸು, ರುಚಿಗೆ.”

ಎರಡು ಕೆ.ಜಿ. ತೂಗಿ, ಕಪ್ಪು ಕವರಿನ ಮೇಲೆ ಇನ್ನೊಂದು ಕಪ್ಪು ಕವರು ಹಾಕಿ ಕೊಡುವಾಗ ಅವನು ಒಂದೇ ಒಂದು ಮಾತು ಸೇರಿಸುತ್ತಾನೆ: “ಪುದೀನ, ಕೊತ್ತಂಬರಿ ಮುಂದಿನ ಅಂಗಡೀಲಿ ಸಿಗುತ್ತೆ ಸಾರ್. ನಾಯಿಗೆ.”

ಯಜಮಾನರ ಬಳಿ ಕಾನೂನಿನ ರಕ್ಷಣೆಯೂ ಇದೆ. 2021ರಲ್ಲಿ ಜಾರಿಗೆ ಬಂದ ರಾಜ್ಯದ ಕಾಯ್ದೆಯ ಪ್ರಕಾರ ಹಸು, ಎತ್ತು, ಹೋರಿ ಯಾವುದನ್ನೂ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಮಾತ್ರ, ಅದೂ ಪ್ರಮಾಣಪತ್ರ ಪಡೆದು. 1964ರ ಹಳೆಯ ಕಾಯ್ದೆ ಇಷ್ಟು ಬಿಗಿಯಾಗಿರಲಿಲ್ಲ. ಯಾರಾದರೂ ಹುಬ್ಬೇರಿಸಿದರೆ “ಇದು ಎಮ್ಮೆ ಕಣ್ರೀ, ಎಮ್ಮೆ. ಹಾಲು ಕುಡಿಯುವಾಗ ನೀವು ಕೇಳ್ತೀರಾ?” ಎಂದು ವಾದಕ್ಕೆ ನಿಲ್ಲುತ್ತಾರೆ. ನಾಯಿಯ ಪರವಾಗಿ, ಅಷ್ಟೇ.

ಈ ಕಾಯ್ದೆಯ ಪರಿಣಾಮ ಯಜಮಾನರಿಗೆ ತಟ್ಟಿರುವುದು ಕುಕ್ಕರಿನಲ್ಲಿ. ಮುದಿ ಎಮ್ಮೆ ಸುಲಭಕ್ಕೆ ಬೇಯುವುದಿಲ್ಲ. ಅವರ ಮನೆಯ ಯುಟಿಲಿಟಿಯಲ್ಲಿ ಬೇರೆ ಒಲೆ, ಹಿಡಿಗೆ ಕೆಂಪು ದಾರ ಕಟ್ಟಿದ ‘ನಾಯಿ ಕುಕ್ಕರ್’. ಮೊದಲ ಹಂತದಲ್ಲಿ ಅವರು ಪ್ರಾಮಾಣಿಕರು. ಉಪ್ಪಿಲ್ಲದೆ, ಖಾರವಿಲ್ಲದೆ ಕುಂಬಳಕಾಯಿ, ಕ್ಯಾರೆಟ್ ಜೊತೆ ಒಂದು ಹಿಡಿ ಮಾಂಸ ಬೇಯಿಸಿ, ಅನ್ನದಲ್ಲಿ ಕಲಸಿ ತಮ್ಮ ನಾಯಿ ರಾಜನ ತಟ್ಟೆಗೆ ಹಾಕುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆದುಹಾಕುತ್ತವೆ, ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ, ಈಲಿ ಅತಿಯಾದರೆ ಎ ಜೀವಸತ್ವ ವಿಷವಾಗುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಕುರಿ, ಕೋಳಿಯ ಬಗ್ಗೆ ಇಷ್ಟು ತಿಳಿದುಕೊಂಡಿದ್ದರೆ ಒಳ್ಳೆಯ ಪಶುವೈದ್ಯರೇ ಆಗುತ್ತಿದ್ದರು.

ನಾಯಿಗೆ ವಿಷವಾದ ಈರುಳ್ಳಿ, ಬೆಳ್ಳುಳ್ಳಿ ಎರಡನೆಯ ಹಂತದಲ್ಲಿ ಬರುತ್ತವೆ. ಉಳಿದ ಮಾಂಸಕ್ಕೆ ಶುಂಠಿ, ಅರಿಶಿನ, ಒಂದು ಚಮಚ ತುರಿದ ಹಸಿ ಪರಂಗಿಕಾಯಿ ಸವರಿ ಅರ್ಧ ಗಂಟೆ ಬಿಡಬೇಕು. ಎಂಟೊಂಬತ್ತು ಸೀಟಿ. ಆಮೇಲೆ ಕಬ್ಬಿಣದ ಬಾಣಲೆಗೆ ಕೊಬ್ಬರಿ ಎಣ್ಣೆ, ಕರಿಬೇವು, ತೆಳ್ಳಗೆ ಸೀಳಿದ ತೆಂಗಿನಕಾಯಿ ಚೂರು. ಈರುಳ್ಳಿ ಕೆಂಪಾದ ಮೇಲೆ ಮಾಂಸ, ಧನಿಯಾ, ಸೋಂಪು, ತರಿತರಿ ಕುಟ್ಟಿದ ಕಾಳುಮೆಣಸು. ರಸವೆಲ್ಲ ಇಂಗಿ, ಮಾಂಸ ಕಪ್ಪಗಾಗಿ ಬಾಣಲೆ ಬಿಟ್ಟು ಬರುವವರೆಗೆ ಸಣ್ಣ ಉರಿ. ಇದು ಹಿಂದೆ ಯಜಮಾನರ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಕೇರಳದವರೊಬ್ಬರು ಹೇಳಿಕೊಟ್ಟದ್ದು. ನಾಯಿಯ ಬಗ್ಗೆ ಅವರು ವಿಚಾರಿಸಲಿಲ್ಲ. ಕೇರಳದವರಿಗೆ ಇದಕ್ಕೆ ನಾಯಿ ಬೇಕಾಗುತ್ತದೆ ಎಂಬುದೇ ಹೊಸದು.

ಮಂಗಳೂರಿನ ಕ್ರೈಸ್ತರ ಮನೆಯ ಹಬ್ಬದಲ್ಲೂ ನಾಯಿ ಬೇಕಾಗಿಲ್ಲ, ಶಿವಾಜಿನಗರದ ಕಬಾಬು ಸುಡುವವನಿಗೂ ಬೇಕಾಗಿಲ್ಲ. ಊರಾಚೆಯ ಕೇರಿಯಲ್ಲಿ ಬಾಡನ್ನು ಸೀಳಿ ಬಿಸಿಲಿಗೆ ಒಣಗಹಾಕುತ್ತಿದ್ದ ಅಜ್ಜಿಯರು ಅದನ್ನು ಹಗ್ಗದ ಮೇಲೆ ಎಲ್ಲರಿಗೂ ಕಾಣುವಂತೆಯೇ ಹರಡುತ್ತಿದ್ದರು, ಅದಕ್ಕಾಗಿ ಬೈಸಿಕೊಳ್ಳುತ್ತಲೂ ಇದ್ದರು. ಬೈಗುಳ ಅವರಿಗೆ, ಅಂಡರ್‌ಕಟ್ ಇವರಿಗೆ. ನನಗೆ ಯಜಮಾನರ ಮೇಲೆ ಸಿಟ್ಟು ಬರುವುದು ಇಲ್ಲಿ ಮಾತ್ರ. ಆಮೇಲೆ ಗಾಳಿ ನಮ್ಮ ಮನೆ ಕಡೆ ತಿರುಗುತ್ತದೆ, ಸಿಟ್ಟು ನಿಲ್ಲುವುದಿಲ್ಲ.

“ನಿಮ್ಮ ನಾಯಿಗೆ ಏನ್ರೀ ಮಾಡ್ತೀರಾ, ಸೋಂಪಿನ ಘಮ ಬರ್ತಿತ್ತು?” ಎಂದು ಎದುರುಮನೆಯವರು ಕೇಳಿದರೆ, “ಅದಕ್ಕೆ ಗ್ಯಾಸ್ ಟ್ರಬಲ್” ಎಂಬ ಉತ್ತರ ಸಿದ್ಧ. ವಾರಕ್ಕೆ ಎರಡು ಕೆ.ಜಿ. ತಿನ್ನುವ ನಾಯಿ ಯಾಕೆ ಇಷ್ಟು ಬಡಕಲು ಎಂದರೆ, ಉತ್ತರ ಸ್ವಲ್ಪ ಉದ್ದ. ರಾಜ ಮುಧೋಳ ತಳಿ. ಮುಧೋಳದ ಘೋರ್ಪಡೆ ರಾಜರು ಈ ನಾಯಿಗಳನ್ನು ಐದನೇ ಜಾರ್ಜ್ ದೊರೆಗೆ ಉಡುಗೊರೆ ಕೊಟ್ಟದ್ದು, 2005ರಲ್ಲಿ ಅಂಚೆ ಇಲಾಖೆ ಚೀಟಿ ತಂದದ್ದು, ಸೊಂಟ ಸಣ್ಣಗಿದ್ದಷ್ಟೂ ಶ್ರೇಷ್ಠ ಎಂಬುದು ಎಲ್ಲ ಬರುತ್ತದೆ. ಲ್ಯಾಬ್ರಡಾರ್ ಸಾಕಿದ್ದರೆ ಯಜಮಾನರು ಎಂದೋ ಸಿಕ್ಕಿಬೀಳುತ್ತಿದ್ದರು.

ಮನೆಯೊಳಗೂ ನಾಟಕ ಕಟ್ಟುನಿಟ್ಟು. ಮಗ, ಸೊಸೆ ಭಾನುವಾರ ‘ರಾಜನನ್ನು ನೋಡಲು’ ವೈಟ್‌ಫೀಲ್ಡ್‌ನಿಂದ ಬರುತ್ತಾರೆ, ಪರೋಟ ತರುತ್ತಾರೆ. ಎಂಬತ್ತು ದಾಟಿದ ತಾಯಿ ಒಳಗಿನಿಂದಲೇ ಕೇಳುತ್ತಾರೆ: “ನಾಯಿಗೆ ಉಪ್ಪು ಹಾಕಿದ್ಯೇನೋ?”

“ನಾಯಿಗೆ ಉಪ್ಪು ಹಾಕಬಾರದಮ್ಮ.”

“ಹಾಕೋ, ಹೋದ ವಾರ ಸಪ್ಪೆ ಆಗಿತ್ತು.”

ಯಜಮಾನಿತಿಯವರು ಮಾತ್ರ ಯುಟಿಲಿಟಿಯ ಹೊಸ್ತಿಲು ದಾಟುವುದಿಲ್ಲ. ದೇವರ ಮನೆಯಲ್ಲಿ ಕೂತು, ಕಣ್ಣು ತೆರೆಯದೆ, “ತಳ ಹತ್ತುತ್ತಾ ಇದೆ, ತಿರುವಿ” ಎನ್ನುತ್ತಾರೆ.

ಹೋದ ಬೇಸಿಗೆಯಲ್ಲಿ ರಾಜನಿಗೆ ತುರಿಕೆ ಶುರುವಾಯಿತು. ಆಟೊದವರು ಹತ್ತಿಸಿಕೊಳ್ಳದ ಕಾರಣ, ನನ್ನ ಕಾರಿನಲ್ಲೇ ಗಂಡ, ಹೆಂಡತಿ, ನಾಯಿ ಮೂವರನ್ನೂ ಪಶುವೈದ್ಯರ ಬಳಿ ಕರೆದೊಯ್ದೆ. ಡಾಕ್ಟರು ಪಂಜ, ಕಿವಿ ನೋಡಿ, “ಊಟ ಏನು?” ಎಂದರು.

“ಬೀಫ್. ವಾರಕ್ಕೆ ಎರಡು ಕೆ.ಜಿ.,” ಯಜಮಾನರು ಎದೆಯುಬ್ಬಿಸಿದರು.

“ನಾಯಿಗಳಿಗೆ ಊಟದಿಂದ ಅಲರ್ಜಿ ಅಂದ್ರೆ ಹೆಚ್ಚಾಗಿ ಬೀಫೇ ಕಾರಣ ಆಗಿರುತ್ತೆ. ಎಂಟು ವಾರ ಪೂರ್ತಿ ನಿಲ್ಲಿಸಿ, ಮೀನು, ಆಲೂಗಡ್ಡೆ ಮಾತ್ರ. ಒಂದು ತಟ್ಟೆ ನೆಕ್ಕಿದರೂ ಪರೀಕ್ಷೆ ಕೆಟ್ಟುಹೋಗುತ್ತೆ. ಮನೆಗೆ ತರಲೇಬೇಡಿ.”

“ತಂದು, ಅದಕ್ಕೆ ಕೊಡದೇ ಇದ್ದರೆ?”

“ಅದಕ್ಕೆ ಕೊಡದಿದ್ದರೆ ಇನ್ಯಾರಿಗೆ ಸಾರ್ ತರ್ತೀರಾ?”

ಕೋಣೆಯಲ್ಲಿ ರಾಜ ಕೆರೆದುಕೊಳ್ಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಆ ಎಂಟು ವಾರ ಯಜಮಾನರು ಮುಧೋಳ ತಳಿಯ ಲಕ್ಷಣಗಳನ್ನೆಲ್ಲ ತಾವೇ ಪಡೆದರು. ಮಗ ಬರಲಿಲ್ಲ, ಆಫೀಸಿನಲ್ಲಿ ಕೆಲಸವಂತೆ. ತಾಯಿ ದಿನಕ್ಕೆರಡು ಸಲ “ಪಾಪ, ನಾಯಿ ಸೊರಗಿದೆ” ಎಂದರು. ನಾಯಿ ಮೀನು ತಿಂದು ಮೊದಲ ಸಲ ಸ್ವಲ್ಪ ಮೈ ತುಂಬಿಕೊಂಡಿತ್ತು. ತುರಿಕೆ ಮಾತ್ರ ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ಮತ್ತೆ ಹೋದಾಗ ಡಾಕ್ಟರು ಯೋಚಿಸಿ, “ಹಾಗಾದರೆ ಇದರಲ್ಲಿ ಬೀಫಿನದೇನೂ ತಪ್ಪಿಲ್ಲ. ಧೂಳಿನ ಹುಳದ ಅಲರ್ಜಿ ಇರಬಹುದು, ನೋಡೋಣ. ನೀವು ಬೀಫ್ ಮತ್ತೆ ಶುರುಮಾಡಿ” ಎಂದರು. ಯಜಮಾನರು ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಕಾರು ಹೊರಟಿತು. ಹಿಂದಿನ ಸೀಟಿನಲ್ಲಿ ರಾಜನ ಪಕ್ಕ ಕೂತಿದ್ದ ಯಜಮಾನಿತಿ ಬಾಯಿಬಿಟ್ಟರು: “ಸಿಗ್ನಲ್ ಹತ್ರ ಶಿವಾಜಿನಗರದ ಕಡೆ ತಿರುಗಿಸಿ. ಮಸಾಲೆ ಬೆಳಿಗ್ಗೇನೇ ಹುರಿದಿಟ್ಟು ಬಂದಿದ್ದೀನಿ.” ಆಮೇಲೆ ಗಂಡನ ಕಡೆ ಬಾಗಿ, “ಅರ್ಧ ಕೆ.ಜಿ. ಜಾಸ್ತೀನೇ ತಗೊಳ್ಳಿ. ಇವರ ಮನೇಲೂ ಒಂದು ನಾಯಿ ಇದೆ ಅಂದ್ಕೊಂಡರಾಯ್ತು.”