ಕಮ್ಮಟದ ಸರ್

ಕಮ್ಮಟ ಎಂದರೆ ಮೂಲದಲ್ಲಿ ನಾಣ್ಯ ಅಚ್ಚು ಹಾಕುವ ಟಂಕಸಾಲೆ. ಕಥೆ ಕವಿತೆ ಬರೆಯಲು ಕಲಿಸುವ ಶಿಬಿರಕ್ಕೆ ಅದೇ ಹೆಸರು ಅಂಟಿಸಿದವರು ಬಲು ದೂರದೃಷ್ಟಿಯವರಿರಬೇಕು. ಮುಂಬಯಿ ಕನ್ನಡಿಗರ ಇಂಥ ಶಿಬಿರಗಳಲ್ಲಿ, ಥಾಣೆಯಲ್ಲಿ ಒಳಗೆ ಹೋದ ಮಗುವೂ ನೆರೂಲಿನಲ್ಲಿ ಒಳಗೆ ಹೋದ ಮಗುವೂ ಸಂಜೆ ಹೊರಬರುವಾಗ ಒಂದೇ ಮುದ್ರೆಯ ನಾಣ್ಯವಾಗಿರುತ್ತದೆ. ಮುದ್ರೆ ಒತ್ತುವವರು ಕಮ್ಮಟದ ಸರ್. ಆಹ್ವಾನ ಪತ್ರಿಕೆಯಲ್ಲಿ ಅವರ ಪದವಿ ‘ಸಂಪನ್ಮೂಲ ವ್ಯಕ್ತಿ’. ಕಲ್ಲಿದ್ದಲು, ಪೆಟ್ರೋಲು ಮೊದಲಾದ ಸಂಪನ್ಮೂಲಗಳು ಒಂದಲ್ಲ ಒಂದು ದಿನ ಮುಗಿದುಹೋಗುತ್ತವೆಂದು ಭೂಗೋಳದ ಪಾಠದಲ್ಲಿದೆ. ಇವರ ವಿಷಯದಲ್ಲಿ ಆ ಭಯವಿಲ್ಲ. ಖಾದಿ ಜುಬ್ಬಾ, ಹೆಗಲಿಗೆ ಜೋಳಿಗೆ, ಜೇಬಿನಲ್ಲಿ ಎರಡು ಪೆನ್ನು. ಪೆನ್ನಿನ ಮುಚ್ಚಳ ತೆಗೆಯುವುದು ಪ್ರಮಾಣಪತ್ರಕ್ಕೆ ಸಹಿ ಹಾಕುವಾಗ ಮಾತ್ರ. ಇದು ಯಾರೊಬ್ಬರ ಚಿತ್ರವೂ ಅಲ್ಲ, ಒಂದು ಮಾದರಿಯ ಚಿತ್ರ. ಹಾಗಿದ್ದ ಮೇಲೆ ಎಡಗಡೆಯ ಪೆನ್ನು ಹಸಿರು ಶಾಯಿಯದೆಂದು ಇಷ್ಟು ಖಚಿತವಾಗಿ ಹೇಗೆ ಗೊತ್ತು ಎಂದು ಓದುಗರು ಕೇಳಬಾರದು. ನನ್ನ ವಾದ ಸರಳವಾದದ್ದು: ಬರೆಯಲು ಕಲಿಸುವವರು ಮಕ್ಕಳ ಜೊತೆ ಕೂತು ತಾವೂ ಬರೆಯಬೇಕು. ಇಲ್ಲದಿದ್ದರೆ ಅಲ್ಲಿ ಮಕ್ಕಳು ಕಲಿಯುವುದು ಬರೆಯುವುದನ್ನಲ್ಲ, ಕೇಳಿಸಿಕೊಳ್ಳುವುದನ್ನು. ಮುಂಬಯಿಯ ಮಕ್ಕಳಿಗೆ ಅದನ್ನು ರೈಲ್ವೆಯ ಧ್ವನಿವರ್ಧಕ ಆಗಲೇ ಕಲಿಸಿದೆ.

ಸಾಕ್ಷಿಗೆ ಆಹ್ವಾನ ಪತ್ರಿಕೆ ಸಾಕು. ಒಂದು ದಿನದ ಮಕ್ಕಳ ಬರವಣಿಗೆ ಶಿಬಿರ ಹತ್ತಕ್ಕೆ ಶುರುವಾಗಬೇಕು, ಶುರುವಾಗುವುದು ಹನ್ನೊಂದಕ್ಕೆ. ದೀಪ, ಪ್ರಾರ್ಥನೆ, ಸ್ವಾಗತ, ಗಣ್ಯರ ಪರಿಚಯ, ಗಣ್ಯರನ್ನು ಪರಿಚಯಿಸಿದವರ ಪರಿಚಯ, ಶಾಲು, ಫಲಪುಷ್ಪ, ನಡುವೆ ಯಾರದೋ ಕವನಸಂಕಲನದ ಬಿಡುಗಡೆ. ಆಮೇಲೆ ಸರ್ ಅವರ ಉಪನ್ಯಾಸ, ಊಟ, ಊಟದ ಮುಂಚೆ ಮುಗಿಯದೆ ಉಳಿದ ಉಪನ್ಯಾಸ. ಮೂರು ಗಂಟೆಯ ಸುಮಾರಿಗೆ, ಮಕ್ಕಳು ಗೋಡೆಗೆ ಒರಗಿರುವಾಗ, “ಈಗ ಹತ್ತು ನಿಮಿಷ ಬರೆಯಿರಿ ನೋಡೋಣ” ಎಂಬ ಅಪ್ಪಣೆ. ಹತ್ತೂ ಪೂರ್ತಿ ಸಿಗುವುದಿಲ್ಲ. ಅದರಲ್ಲಿ ನಾಲ್ಕು ನಿಮಿಷ ಸರ್ ಮಾತಾಡುತ್ತಾರೆ, ಹೇಗೆ ಮಾತಾಡದೆ ಬರೆಯಬೇಕು ಎಂಬುದರ ಬಗ್ಗೆ. ಕೊನೆಗೆ ಪ್ರಮಾಣಪತ್ರ ಹಿಡಿದು ಗುಂಪು ಫೋಟೊ. ಈಜು ಕಲಿಸುತ್ತೇವೆಂದು ಕರೆದು, ಇಡೀ ದಿನ ಕೆರೆಯ ಇತಿಹಾಸ ಹೇಳಿ, ಸಂಜೆ ಒಂದು ಲೋಟ ನೀರು ಕುಡಿಸಿ ಕಳಿಸಿದ ಹಾಗೆ.

ಸರ್‌ಗೆ ಅತಿ ಪ್ರಿಯವಾದ ವಿಷಯ ಮಳೆ. ಶಿಬಿರ ಮೇ ತಿಂಗಳಲ್ಲಿರಲಿ ಡಿಸೆಂಬರಿನಲ್ಲಿರಲಿ, ಮಕ್ಕಳಿಗೆ ಸಿಗುವುದು ‘ಮಳೆಗಾಲದ ಒಂದು ದಿನ’. ಬರೆಯಲು ಬಿಡುವ ಮೊದಲು ಆ ಮಳೆ ಹೇಗಿರಬೇಕೆಂದು ಮುಕ್ಕಾಲು ಗಂಟೆ ವಿವರಣೆ. ಅದು ಉಡುಪಿಯ ಆಚೀಚೆ ಎಲ್ಲೋ ಬೀಳುವ ಮಳೆ. ಹಂಚಿನ ಮಾಡು, ಅಂಗಳದ ಕೆಸರು, ಗದ್ದೆಯ ಬದುವಿನಲ್ಲಿ ಏಡಿ, ಒಲೆಯ ಮುಂದೆ ಹಪ್ಪಳ ಸುಡುವ ಅಜ್ಜಿ, ಕೆಂಡದಲ್ಲಿ ಹಲಸಿನ ಬೀಜ. ಸೊಗಸಾಗಿ ಹೇಳುತ್ತಾರೆ, ಒಪ್ಪಲೇಬೇಕು. ಹಪ್ಪಳದ ವಾಸನೆ ಮೈಕಿನಿಂದಲೇ ಬಂದಂತಾಗುತ್ತದೆ. “ಕಣ್ಣು ಮುಚ್ಚಿ ಮಕ್ಕಳೇ, ಆ ಮಣ್ಣಿನ ವಾಸನೆ ಬಂತೇ?” ಎನ್ನುತ್ತಾರೆ. ಬಂತು ಎಂದು ಮಕ್ಕಳು ಕೂಗುತ್ತವೆ, ಊಟದ ಹೊತ್ತು ಬೇರೆ. ಆದರೆ ಡೊಂಬಿವಲಿಯ ಮಗುವಿಗೆ ಮಳೆ ಎಂದರೆ ಥಾಣೆಗೂ ದಿವಾಕ್ಕೂ ನಡುವೆ ನಿಂತುಬಿಟ್ಟ ಲೋಕಲ್, ಫ್ಯಾನಿನ ಕೆಳಗೆ ಎರಡು ದಿನವಾದರೂ ಒಣಗದ ಯೂನಿಫಾರಂ, ನಾಳೆ ಶಾಲೆಗೆ ರಜೆಯೋ ಇಲ್ಲವೋ ಎಂದು ಅಮ್ಮನ ಮೊಬೈಲಿಗೆ ಹತ್ತು ಸಲ ಇಣುಕುವುದು. ಇದೇನು ಸಣ್ಣ ಮಳೆಯಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದಾಗ ಹಳಿಯ ಮೇಲೆ, ಹೆದ್ದಾರಿಯ ಮೇಲೆ ರಾತ್ರಿಯಿಡೀ ನಡೆದು ಮನೆ ಸೇರಿದವರು ಇಂದಿನ ಮಕ್ಕಳ ಅಪ್ಪ ಅಮ್ಮಂದಿರ ಪೀಳಿಗೆಯವರೇ. 2019ರ ಜುಲೈ 27ರಂದು ಬದಲಾಪುರ, ವಾಂಗಣಿಯ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನ ನಡುವೆ ಸಿಕ್ಕಿಕೊಂಡು, ಸಾವಿರದಷ್ಟು ಜನರನ್ನು ದೋಣಿಗಳಲ್ಲಿ ದಾಟಿಸಬೇಕಾಯಿತು. ಕಲ್ಯಾಣದಿಂದ ಅದೆಷ್ಟು ದೂರ? ಕಣ್ಣೆದುರು ಇಂಥ ಮಳೆ ಇರುವ ಮಕ್ಕಳು ಆ ದಿನ ಹಾಳೆಯ ಮೇಲೆ ಇಳಿಸುವುದು ಮಾತ್ರ ಅಜ್ಜಿಯ ಹಪ್ಪಳವನ್ನೇ. ನಲವತ್ತು ಹಾಳೆ, ನಲವತ್ತು ಅಜ್ಜಿ. ಅವರಲ್ಲಿ ಮುಕ್ಕಾಲು ಪಾಲು ಅಜ್ಜಿಯಂದಿರು ವಾಸ್ತವದಲ್ಲಿ ಏಳನೆ ಮಹಡಿಯಲ್ಲಿ ಧಾರಾವಾಹಿ ನೋಡುತ್ತ ಲಿಜ್ಜತ್ ಹಪ್ಪಳ ಗ್ಯಾಸ್ ಮೇಲೆ ಸುಡುತ್ತಿರುತ್ತಾರೆ. ಯಾರ ಹಾಳೆಯಲ್ಲಿ ಹಪ್ಪಳ ಹೆಚ್ಚೋ ಅವರಿಗೆ ಮೊದಲ ಬಹುಮಾನ.

ಒಂದು ಮಗು ಮಾತ್ರ, ಗಮನ ಬೇರೆಲ್ಲೋ ಇದ್ದದ್ದರಿಂದ, ಹೀಗೆ ಬರೆಯಿತು ಎಂದಿಟ್ಟುಕೊಳ್ಳಿ: ‘ಟ್ರೇನ್ ಬಂದ್. ಪಪ್ಪ ಪಟ್ರಿ ಮೇಲೆ ನಡೆದು ಬಂದರು. ಶೂಸ್ ಒಳಗೆ ನೀರು. ಮಮ್ಮಿ ಶೂಸ್ ಒಳಗೆ ಪೇಪರ್ ತುಂಬಿಸಿ ಇಟ್ಟಳು.’ ಸರ್ ಹಸಿರು ಪೆನ್ನಿನ ಮುಚ್ಚಳ ತೆಗೆಯುತ್ತಾರೆ (ಸಹಿ ಬಿಟ್ಟರೆ ಇದೊಂದು ಸಂದರ್ಭ). ತಿದ್ದಿದ ಮೇಲೆ ಅದು: ‘ರೈಲು ಸಂಚಾರ ಸ್ಥಗಿತಗೊಂಡಿತು. ತಂದೆಯವರು ಹಳಿಗಳ ಮೇಲೆ ಕಾಲ್ನಡಿಗೆಯಲ್ಲಿ ಆಗಮಿಸಿದರು. ಪಾದರಕ್ಷೆಗಳು ಜಲಾವೃತವಾಗಿದ್ದವು.’ ಕಾಗದ ತುಂಬಿದ ವಾಕ್ಯ ಅನಗತ್ಯವೆಂದು ಅಡ್ಡಗೆರೆ. ಇಡೀ ಶಿಬಿರದಲ್ಲಿ ಯಾರಾದರೂ ಕಣ್ಣಾರೆ ನೋಡಿ ಬರೆದ ವಾಕ್ಯ ಅದೊಂದೇ ಆಗಿತ್ತು. ಒದ್ದೆ ಶೂಗೆ ಹಳೆಯ ಪತ್ರಿಕೆ ತುರುಕಿದರೆ ಬೆಳಗಾಗುವಷ್ಟರಲ್ಲಿ ನೀರು ಹೀರಿಕೊಳ್ಳುತ್ತದೆ, ಮುಂಬಯಿಯ ಮನೆಮನೆಗೆ ಗೊತ್ತಿರುವ ವಿದ್ಯೆ. ಕನ್ನಡದಲ್ಲಿ ಅದನ್ನು ಬರೆಯಲು ಒಂದು ಮಗು ಹೊರಟಿತ್ತು. ಕನ್ನಡಕ್ಕೆ ಈ ಊರಿನ ನೀರು ಹೊಸದೇನೂ ಅಲ್ಲ. ಯಶವಂತ ಚಿತ್ತಾಲರ ಮುಂಬಯಿ ಕಾದಂಬರಿ ‘ಶಿಕಾರಿ’ ಬಂದದ್ದು 1979ರಲ್ಲಿ. ವ್ಯಾಸರಾಯ ಬಲ್ಲಾಳರು ಈ ನಗರವನ್ನು ಕಾದಂಬರಿಗಳಿಗೆ ತಂದರು. ಇಲ್ಲಿಯ ಚಾಳು, ಲೋಕಲ್‌ಗಳ ನಡುವಿನಿಂದ ಎದ್ದ ಜಯಂತ ಕಾಯ್ಕಿಣಿಯವರ ಕಥೆಗಳು ‘ನೋ ಪ್ರೆಸೆಂಟ್ಸ್ ಪ್ಲೀಸ್’ ಎಂದು ಇಂಗ್ಲಿಷಿಗೆ ಹೋಗಿ 2018ರ ಡಿಎಸ್‌ಸಿ ಬಹುಮಾನ ಪಡೆದವು. ಸರ್ ಈ ಮೂವರ ಹೆಸರನ್ನೂ ಉಪನ್ಯಾಸದಲ್ಲಿ ತಪ್ಪದೆ ಹೇಳುತ್ತಾರೆ. ಹೇಳಿ ಮುಗಿಸಿ ಹಪ್ಪಳಕ್ಕೆ ಮರಳುತ್ತಾರೆ.

ಅಕ್ಷರದ ತಪ್ಪಿಗೂ ಅವರ ಮದ್ದು ಉಪನ್ಯಾಸವೇ. ಈ ಮಕ್ಕಳ ಮನೆಮಾತು ಹೆಚ್ಚಾಗಿ ತುಳು, ಕೆಲವರದು ಕೊಂಕಣಿ. ಬಿಲ್ಡಿಂಗಿನ ಕೆಳಗೆ ಹಿಂದಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ಭಾನುವಾರದ್ದು. ಲಿಪಿ ಕಲಿತದ್ದು ದೇವನಾಗರಿಯಲ್ಲಿ, ಅಲ್ಲಿ ಹ್ರಸ್ವ ಎಕಾರ ಒಕಾರಗಳಿಲ್ಲ. ಹಾಗಾಗಿ ‘ಕೊಡೆ’ ಎಂಬುದು ಹಾಳೆಯ ಮೇಲೆ ‘ಕೋಡೇ’ ಆಗುತ್ತದೆ. ಕಾರಣ ಹೇಳಿಕೊಟ್ಟರೆ ಎರಡು ನಿಮಿಷದಲ್ಲಿ ಸರಿಹೋಗುವ ಸಂಗತಿ. ಸರ್ ಅದನ್ನು ಕನ್ನಡದ ಅವನತಿಯ ಲಕ್ಷಣವೆಂದು ಓದಿ ಕಣ್ಣೊರೆಸಿಕೊಳ್ಳುತ್ತಾರೆ. ಅದೇ ಮಕ್ಕಳು ‘ಮಳೆ’ಯ ಳಕಾರವನ್ನು ಎಷ್ಟು ಚೊಕ್ಕವಾಗಿ ಉಚ್ಚರಿಸುತ್ತವೆ, ಅದು ಮರಾಠಿಯ ಕೊಡುಗೆ, ಎಂಬುದು ಅವರ ಕಿವಿಗೆ ಬೀಳುವುದೇ ಇಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಕಲಿಸುವವನು ತಾನೇ ಮಾಡಿ ತೋರಿಸಲೇಬೇಕೇ? ಶಿವಾಜಿ ಪಾರ್ಕಿನ ರಮಾಕಾಂತ ಅಚ್ರೇಕರ್ ಪ್ರಥಮ ದರ್ಜೆಯ ಕ್ರಿಕೆಟ್ ಆಡಿದ್ದು ಒಂದೇ ಒಂದು ಪಂದ್ಯ. ಸಚಿನ್ ತೆಂಡೂಲ್ಕರ್ ತಯಾರಾದದ್ದು ಅವರ ಕೈಯಲ್ಲಿ. ಹಾಗಾದರೆ ಸರ್ ಕಥೆ ಬರೆಯದಿದ್ದರೇನು ಎನ್ನುತ್ತಾರೆ ಅವರ ಅಭಿಮಾನಿಗಳು. ಆಕ್ಷೇಪ ಗಟ್ಟಿಯಾಗಿದೆ, ಆದರೆ ಅದು ಸರ್ ಪರವಾಗಿಲ್ಲ. ಅಚ್ರೇಕರ್ ಬ್ಯಾಟಿಂಗಿನ ಮೇಲೆ ಉಪನ್ಯಾಸ ಕೊಡಲಿಲ್ಲ. ಸ್ಟಂಪಿನ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು, ಸಚಿನ್‌ನನ್ನು ಔಟ್ ಮಾಡಿದವನಿಗೆ ಅದು, ಮಾಡದಿದ್ದರೆ ಸಚಿನ್‌ಗೆ ಎಂದು ಹೇಳಿ, ನೋಡುತ್ತ ನಿಂತರು. ದಿನವಿಡೀ ಆಡಿದ್ದು ಹುಡುಗರು, ಮಾತಾಡದೆ ನೋಡಿದ್ದು ಗುರು. ನಮ್ಮ ಕಮ್ಮಟದಲ್ಲಿ ಆಡುವುದು ಗುರು, ನೋಡುವುದು ಮಕ್ಕಳು. ಬರೆಯಲಾಗದಿದ್ದರೆ ಬರೆಯುವ ಮಗುವಿನ ಪಕ್ಕದಲ್ಲಿ ಸುಮ್ಮನೆ ಕೂರುವುದೂ ಆದೀತು. ಆದರೆ ‘ಸುಮ್ಮನೆ’ ಎಂಬ ಮಾತು ಬಂದಾಗ ಸರ್‌ಗೆ ಬರೆಯುವುದೇ ಸುಲಭವಾಗಿ ಕಂಡರೂ ಆಶ್ಚರ್ಯವಿಲ್ಲ.

ಶಿಕ್ಷಕರ ಕಮ್ಮಟದ ಕಥೆ ಇನ್ನೂ ವಿಚಿತ್ರ. ಈ ಉಪನಗರಗಳಲ್ಲಿ ಮಕ್ಕಳಿಗೆ ಕನ್ನಡ ಹೇಳಿಕೊಡುವವರು ಬಹುಪಾಲು ಗೃಹಿಣಿಯರು, ನಿವೃತ್ತ ಬ್ಯಾಂಕ್ ನೌಕರರು. ಸಂಘಗಳ, ಚಿಣ್ಣರ ಬಿಂಬದಂಥ ಸಂಸ್ಥೆಗಳ ವಾರಾಂತ್ಯದ ತರಗತಿಗಳು ನಿಂತಿರುವುದೇ ಇವರಿಂದ. ಇವರನ್ನು ಸಜ್ಜುಗೊಳಿಸಲು ಸರ್ ‘ಸೃಜನಶೀಲತೆಯ ಹತ್ತು ಸೂತ್ರ’ಗಳನ್ನು ಬರೆಸುತ್ತಾರೆ, ಶಿಕ್ಷಕರು ಬರೆದುಕೊಳ್ಳುತ್ತಾರೆ, ತಮ್ಮದೆಂದು ಮಾತ್ರ ಏನನ್ನೂ ಬರೆಯುವುದಿಲ್ಲ. 1974ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜೇಮ್ಸ್ ಗ್ರೇ ಎಂಬುವರು ಬೇಸಿಗೆ ರಜೆಯಲ್ಲಿ ಶಾಲಾ ಶಿಕ್ಷಕರನ್ನು ಸೇರಿಸಿ ಒಂದು ಕೆಲಸ ಶುರುಮಾಡಿದರು. ಬರವಣಿಗೆ ಕಲಿಸುವವರು ಮೊದಲು ತಾವು ಬರೆದು ಪರಸ್ಪರ ಓದಬೇಕು, ಶಿಕ್ಷಕರಿಗೆ ಶಿಕ್ಷಕರೇ ಕಲಿಸಬೇಕು ಎಂಬುದು ಅದರ ತಿರುಳು. ಅದೇ ಮುಂದೆ ಅಮೆರಿಕದುದ್ದಕ್ಕೂ ನ್ಯಾಷನಲ್ ರೈಟಿಂಗ್ ಪ್ರಾಜೆಕ್ಟ್ ಎಂದು ಹಬ್ಬಿತು. ಅದು ಅಮೆರಿಕ ಎನ್ನುತ್ತೀರಾ? ಹಾಗಾದರೆ ಗೋಕರ್ಣದ ಪಕ್ಕದ ಬಂಕಿಕೊಡ್ಲಕ್ಕೆ ಬನ್ನಿ. ಅಲ್ಲಿಯ ಪ್ರೌಢಶಾಲೆಯಲ್ಲಿ ಗೌರೀಶ ಕಾಯ್ಕಿಣಿಯವರೂ ಸು.ರಂ. ಎಕ್ಕುಂಡಿಯವರೂ ಮೇಷ್ಟ್ರಾಗಿದ್ದರು. ಪಂಜೆ ಮಂಗೇಶರಾಯರು ಮೇಷ್ಟ್ರು, ಶಾಲಾ ಇನ್ಸ್‌ಪೆಕ್ಟರು. ಬರೆಯುವ ಮೇಷ್ಟ್ರು ನಮಗೆ ಆಮದು ಮಾಲೇನಲ್ಲ.

ಇನ್ನೊಂದು ಆಕ್ಷೇಪಕ್ಕೆ ಉತ್ತರ ಕೊಡುವುದು ಕಷ್ಟ. ಸರ್ ಬರದಿದ್ದರೆ ಇನ್ನು ಯಾರು ಬರುತ್ತಾರೆ? ಭಾನುವಾರ ಹಳಿ ದುರಸ್ತಿಗೆಂದು ಮಧ್ಯ ರೈಲ್ವೆಯ ಮೆಗಾ ಬ್ಲಾಕ್. ಫಾಸ್ಟ್ ಗಾಡಿಗಳೆಲ್ಲ ಸ್ಲೋ ಹಳಿಯ ಮೇಲೆ. ಕಲ್ಯಾಣದಿಂದ ಥಾಣೆ, ಥಾಣೆಯಲ್ಲಿ ಸೇತುವೆ ಹತ್ತಿ ಇಳಿದು ಟ್ರಾನ್ಸ್‌ಹಾರ್ಬರ್ ಲೋಕಲ್, ಅಲ್ಲಿಂದ ನೆರೂಲ್, ಸ್ಟೇಷನ್ನಿನಿಂದ ರಿಕ್ಷಾ. ಗೌರವಧನವೆಂದರೆ ಶಾಲು ಮತ್ತು ತೆಂಗಿನಕಾಯಿ. ಶಾಲುಗಳು ಈಗ ಬೀರುವಿನಲ್ಲಿ ಹಿಡಿಸುತ್ತಿಲ್ಲ. ಸರ್ ಅವರ ಪೀಳಿಗೆಯ ಅನೇಕರು ಹತ್ತು ಹನ್ನೆರಡನೆಯ ವಯಸ್ಸಿಗೆ ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಕನ್ನಡ ಶಾಲೆಗೆ ಹೋದವರು. ಮೊಗವೀರ ರಾತ್ರಿ ಶಾಲೆ, ಗುರುನಾರಾಯಣ ರಾತ್ರಿ ಶಾಲೆ ಎಂದರೆ ಮುಂಬಯಿ ಕನ್ನಡಿಗರಲ್ಲಿ ಈಗಲೂ ದನಿ ತಗ್ಗುತ್ತದೆ. ಆ ಹುಡುಗರು ಬರೆದ ಮೊದಲ ಕನ್ನಡ ಗದ್ಯ ಯಾವುದು? ಊರಿಗೆ ಹಾಕಿದ ಇನ್‌ಲ್ಯಾಂಡ್ ಪತ್ರ. ಇಲ್ಲಿ ಎಲ್ಲ ಕ್ಷೇಮ, ನೂರು ರೂಪಾಯಿ ಎಂ.ಒ. ಮಾಡಿದ್ದೇನೆ, ದನ ಕರು ಹಾಕಿತೇ. ಅದನ್ನು ಯಾರೂ ತಿದ್ದಿರಲಿಲ್ಲ, ಅದಕ್ಕೆ ಬಹುಮಾನವಿರಲಿಲ್ಲ, ಆಚೆ ಕಡೆ ಓದುವವರು ಮಾತ್ರ ಇದ್ದರು. ಆ ಪತ್ರದ ಆಚೆಯಲ್ಲಿದ್ದ ಅಂಗಳವೇ ಇಂದು ಮೈಕಿನಲ್ಲಿ ಹಪ್ಪಳವಾಗಿ ಬರುತ್ತಿರುವುದು. ಒಂದೆರಡು ದೀಪಾವಳಿ ಸಂಚಿಕೆಗಳಲ್ಲಿ ಕಥೆಯೂ ಬಂದಿರಬಹುದು. ಆಮೇಲೆ ದಿನಕ್ಕೆ ಮೂರು ಗಂಟೆಯ ರೈಲು, ಮಕ್ಕಳ ಫೀಸು, ಫ್ಲ್ಯಾಟಿನ ಕಂತು. ಬರೆಯುವುದು ನಿಂತಿತು, ಬರೆಯುವುದರ ಬಗ್ಗೆ ಮಾತಾಡುವುದು ಉಳಿಯಿತು. ಹೀಗೆ ನೋಡಿದರೆ ಹಸಿರು ಪೆನ್ನಿನ ಮೇಲಿನ ನನ್ನ ಸಿಟ್ಟು ಅರ್ಧಕ್ಕಿಳಿಯುತ್ತದೆ. ಪೂರ್ತಿ ಇಳಿಯುವುದಿಲ್ಲ, ಆ ಅಡ್ಡಗೆರೆ ನೆನಪಾಗುತ್ತದೆ.

ಇಂಗ್ಲಿಷ್ ಶಾಲೆಯ ಮಕ್ಕಳು ಕನ್ನಡದಲ್ಲಿ ಬರೆದು ಆಗಬೇಕಾದ್ದೇನು ಎಂಬ ಕೊನೆಯ ಆಕ್ಷೇಪವನ್ನು ಸಾಮಾನ್ಯವಾಗಿ ಎತ್ತುವವರು ಶಿಬಿರಕ್ಕೆ ಮಕ್ಕಳನ್ನು ಕಳಿಸದವರು. ಅವರಿಗೆ ಉತ್ತರ ಬೇಕಿಲ್ಲ. ಬರೆಯದೆ ಬರವಣಿಗೆಯ ಬಗ್ಗೆ ಮಾತಾಡುವವರನ್ನು ಇಷ್ಟುದ್ದ ಟೀಕಿಸಿದ ಈ ಲೇಖನವೂ ಯಾವ ಮಗುವಿನ ಪಕ್ಕದಲ್ಲೂ ಕೂತು ಬರೆದದ್ದಲ್ಲ, ಇದೂ ಒಂದು ಉಪನ್ಯಾಸವೇ ಎಂದು ಯಾರಾದರೂ ಹೇಳಿದರೆ ಅದಕ್ಕೂ ನನ್ನಲ್ಲಿ ಉತ್ತರವಿಲ್ಲ. ಶಾಲು ಮಾತ್ರ ಇನ್ನೂ ಸಿಕ್ಕಿಲ್ಲ. ಸಂಘಗಳ ಕಾರ್ಯದರ್ಶಿಗಳಲ್ಲಿ ಒಂದು ವಿನಂತಿ. ಮುಂದಿನ ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಅದರಲ್ಲಿ ‘ಬೆಳಿಗ್ಗೆ 10ರಿಂದ 12: ಬರವಣಿಗೆ’ ಎಂದಷ್ಟೇ ಹಾಕಿ, ಮುಂದೆ ಯಾರ ಹೆಸರನ್ನೂ ಸೇರಿಸಬೇಡಿ. ಸರ್ ಅವರನ್ನು ಖಂಡಿತ ಕರೆಯಿರಿ. ಒಂದು ಹಾಳೆ, ಒಂದು ಪೆನ್ಸಿಲ್ ಕೊಟ್ಟು ಆರನೆ ಇಯತ್ತೆಯ ಮಕ್ಕಳ ನಡುವೆ ಚಾಪೆಯ ಮೇಲೆ ಕೂರಿಸಿ, ಆ ಇನ್‌ಲ್ಯಾಂಡ್ ಪತ್ರದ ಬಗ್ಗೆ ಬರೆಯಲು ಹೇಳಿ. ಮೊಣಕಾಲು ನೋವು ಎಂದರೆ ಕುರ್ಚಿ ಕೊಡಿ, ಮೈಕ್ ಕೊಡಬೇಡಿ. ಭಾನುವಾರದ ಮೆಗಾ ಬ್ಲಾಕ್ ಯಾವ ಮಾರ್ಗದಲ್ಲಿದೆ ಎಂಬುದನ್ನು ಶನಿವಾರವೇ ಅವರಿಗೆ ಫೋನ್ ಮಾಡಿ ತಿಳಿಸಿ.