ಕಾರ್ಡಣ್ಣ

ಕೌಲ್ ಬಜಾರಿನ ಓಣಿಗೊಬ್ಬ ಕಂಪ್ಯೂಟರ್ ಪಂಡಿತ ಇದ್ದ ಕಾಲವದು. ಕರೆಯದೆ ಬರುತ್ತಿದ್ದ, ಕೂರುವ ಮೊದಲೇ ಡಬ್ಬದ ಮುಚ್ಚಳ ಬಿಚ್ಚುತ್ತಿದ್ದ, ಮುಚ್ಚುವಾಗ ಒಂದಾದರೂ ಸ್ಕ್ರೂ ಉಳಿಸುತ್ತಿದ್ದ. ದುಡ್ಡು ಮಾತ್ರ ಮುಟ್ಟುತ್ತಿರಲಿಲ್ಲವಾದ್ದರಿಂದ ಬೈಯುವುದಕ್ಕೂ ದಾರಿಯಿರಲಿಲ್ಲ. ನಮ್ಮ ಓಣಿಯವನು ಹಗಲು ಜೀನ್ಸ್ ಯೂನಿಟ್ಟುಗಳಲ್ಲಿ ಹೊಲಿಗೆ ಮಷೀನು ರಿಪೇರಿ ಮಾಡುತ್ತಿದ್ದ. ಹುಡುಗರು ಇಟ್ಟ ಹೆಸರು ಕಾರ್ಡಣ್ಣ.

ಅವನ ಮತದಲ್ಲಿ ಡಿವಿಡಿ ನೋಡಲು ಕಂಪ್ಯೂಟರಿನೊಳಗೆ ಅದಕ್ಕೆಂದೇ ಬೇರೊಂದು ಕಾರ್ಡೇ ಬೇಕು. ಪವರ್‌ಡಿವಿಡಿ, ವಿನ್‌ಡಿವಿಡಿಯಂಥ ಸಾಫ್ಟ್‌ವೇರ್ ಹಾಕಿಕೊಂಡವರು ಕೆಟ್ಟವರೇನಲ್ಲ, ತಿಳಿಯದವರು.

"ನೋಡ್ರಿ ಸಾರ್, ಸಿನಿಮಾನ ಎಂಪೆಗ್-2ರಾಗೆ ಮಡಚಿ ಇಟ್ಟಿರ್ತಾರೆ. ಬಿಡಿಸಾಕೆ ಒಬ್ಬ ಆಳು ಬೇಕು. ಕಾರ್ಡೇ ಆ ಆಳು. ಪ್ರೊಸೆಸರ್ ಕೈಲಿ ಮಾಡ್ಸೋದು ಅಂದ್ರೆ ಯೂನಿಟ್ ಮಾಲೀಕನ ಕೈಲಿ ಗುಂಡಿ ಹಚ್ಚಿಸಿದಂಗೆ."

ಭಾರತ ಡಿವಿಡಿಯ ಐದನೇ ವಲಯ, ಡ್ರೈವಿನ ವಲಯ ಬದಲಿಸಲು ಐದೇ ಅವಕಾಶ ಎಂದು ಹೆದರಿಸುವುದೂ ಅವನ ಹವ್ಯಾಸವಾಗಿತ್ತು. ಅದಿರಲಿ, ಲಾಡುವಿನ ಕಥೆಗೆ ಬರೋಣ.

ಮಾವನವರಿಗೆ 1957ರ ತೆಲುಗು 'ಮಾಯಾಬಜಾರ್' ನೋಡುವ ಆಸೆ. ನನ್ನದು 333 ಮೆಗಾಹರ್ಟ್ಸ್‌ನ ಹಳೇ ಸೆಲೆರಾನ್, ವಿಂಡೋಸ್ 98. ಡಿವಿಡಿ ಡ್ರೈವ್ ಮಾತ್ರ ಹೊಸದು. ಘಟೋತ್ಕಚನಾದ ಎಸ್.ವಿ. ರಂಗಾರಾವ್ ಮದುವೆಯೂಟಕ್ಕೆ ಕೂತರು. ಲಾಡು ತಾನಾಗಿ ಎದ್ದು ಬಾಯಿಗೆ ಹಾರಬೇಕು. ಎದ್ದಿತು. ಗಾಳಿಯಲ್ಲೇ ನಿಂತಿತು. ಧ್ವನಿ ಮುಂದೆ ಹೋಗಿ ಒಂದೇ ನಗುತ್ತಿತ್ತು.

ಕಾರ್ಡಣ್ಣನ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಓಡಿಹೋಗಿ ತನ್ನದೇ ಹಾಲಿವುಡ್ ಪ್ಲಸ್ ಕಾರ್ಡ್ ಕಿತ್ತು ತಂದ. ಗ್ರಾಫಿಕ್ಸ್ ಕಾರ್ಡಿನಿಂದ ಇದಕ್ಕೊಂದು ವೈರು, ಇದರಿಂದ ಮಾನಿಟರಿಗೊಂದು. ಚಿತ್ರ ಬಂತು, ಅದರ ಸುತ್ತ ಗುಲಾಬಿ ಅಂಚೂ ಬಂತು. "ಬಣ್ಣ ಹೊಂದಿಸ್ಬೇಕು ಸಾರ್, ಎರಡೇ ನಿಮಿಷ." ಆ ಎರಡು ನಿಮಿಷದಲ್ಲಿ ಮಾವನವರು ಊಟ ಮುಗಿಸಿ ನಿದ್ದೆಗೆ ಜಾರಿದರು, ಕರೆಂಟ್ ಹೋಯಿತು, ಬಂತು, ಮತ್ತೆ ಹೋಯಿತು. ಘಟೋತ್ಕಚನಿಗೆ ಜರಿಯಂಚು ಹಾಗೇ ಉಳಿಯಿತು.

ಮರುದಿನ ಡಿಗ್ರಿ ಓದುವ ನಮ್ಮ ಅಳಿಯ ಬಂದ. ಕಾರ್ಡ್ ತೆಗೆಸಿ, ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವಿನ ಎದುರಿದ್ದ ಡಿಎಂಎ ಚೌಕಕ್ಕೊಂದು ಗುರುತು ಹಾಕಿ ಮತ್ತೆ ಚಾಲೂ ಮಾಡಿದ. ಅಷ್ಟು ದಿನ ಡಿಸ್ಕಿನ ಒಂದೊಂದು ತುಣುಕನ್ನೂ ಪ್ರೊಸೆಸರೇ ಹೊತ್ತು ತರುತ್ತಿತ್ತಂತೆ. ಇನ್ನು ಅದು ನೇರ ಮೆಮೊರಿಗೆ. ಬರೀ ಸಾಫ್ಟ್‌ವೇರಿನಲ್ಲೇ ಲಾಡು ಬಾಯಿ ಸೇರಿತು. ಮಾವನವರು ಚಪ್ಪಾಳೆ ತಟ್ಟಿದರು.

ಕಾರ್ಡಣ್ಣ ತಟ್ಟಲಿಲ್ಲ. "ಓಡೋದೇನೋ ಓಡ್ತೈತೆ ಸಾರ್. ಆದ್ರೆ ಅದು ಎಷ್ಟು ಒದ್ದಾಡ್ತೈತೆ ನೋಡ್ರಿ" ಎಂದು ಸಿಸ್ಟಮ್ ಮಾನಿಟರ್ ತೆರೆದ. ನಾವು ಶಶಿರೇಖೆಯನ್ನು ನೋಡಿದೆವು. ಅವನು ಮೂಲೆಯಲ್ಲಿ ನೂರರ ಹತ್ತಿರ ಏರಿಳಿಯುವ ಗೆರೆ ನೋಡಿದ. ಅವನು ಯಾವ ಸಿನಿಮಾವನ್ನೂ ಪೂರ್ತಿ ನೋಡಿದ್ದು ಸುಳ್ಳು.

ಒಂದೇ ಜೀವದ ಮೇಲೆ ಎಲ್ಲ ಹೊರೆ ಹಾಕುವುದು ಅವನಿಗೆ ಸೇರುತ್ತಿರಲಿಲ್ಲ, ಅಷ್ಟೆ. ಯೂನಿಟ್ಟಿನಲ್ಲಿ ಹೊತ್ತು ಮುಳುಗುವವರೆಗೆ ಬಾಗಿ ಕೂರುವ ಹುಡುಗರ ಬೆನ್ನಿನ ಬಗ್ಗೆ ಮಾಲೀಕರ ಹತ್ತಿರ ಜಗಳ ತೆಗೆಯುತ್ತಿದ್ದವನೂ ಅವನೇ. ಹೊರೆ ಹಂಚಿಕೊಂಡು ಬಾಳುವುದನ್ನು ನಾವೆಲ್ಲ... ಮೇಷ್ಟರ ಚಾಳಿ, ಪಾಠ ಶುರುವಾಯಿತು. ಬಿಡಿ.

2007ರಲ್ಲಿ ಮೋಸರ್ ಬೇರ್ 34 ರೂಪಾಯಿಗೆ ಡಿವಿಡಿ ಮಾರತೊಡಗುವ ಹೊತ್ತಿಗೆ ಪ್ರೊಸೆಸರುಗಳು ಗಟ್ಟಿಯಾಗಿದ್ದವು, ಪುಕ್ಕಟೆ ವಿಎಲ್‌ಸಿ ಎಲ್ಲವನ್ನೂ ಓಡಿಸುತ್ತಿತ್ತು. ಕಾರ್ಡು ಅವನ ಟ್ರಂಕು ಸೇರಿತು. ಸೋತೆ ಎಂದು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ನಿಜ ಹೇಳಬೇಕೆಂದರೆ ಅವನು ಸೋತಿಲ್ಲ. ಈಗಿನ ಫೋನುಗಳ ಚಿಪ್ಪಿನಲ್ಲಿ ವೀಡಿಯೊ ಬಿಡಿಸಲೆಂದೇ ಬೇರೆ ಭಾಗವಿರುತ್ತದೆ. ಅದಿಲ್ಲದೆ ಪ್ರೊಸೆಸರೊಂದೇ ದುಡಿದರೆ ಬ್ಯಾಟರಿ ಬೇಗ ಖಾಲಿ. ಎಲ್ಲರ ಜೇಬಿನಲ್ಲೂ ಅವನ ಆಳು ಕೂತಿದ್ದಾನೆ. ಈ ಸುದ್ದಿ ಅವನಿಗಿನ್ನೂ ತಿಳಿಸಿಲ್ಲ. ತಿಳಿಸಿದರೆ ನನ್ನ ಫೋನು ಬಿಚ್ಚುತ್ತಾನೆ.