ಅವಿಭಕ್ತ ಡಿವಿಡಿ

ನಮ್ಮ ಕಡೆ ಪ್ರತಿ ಮನೆತನಕ್ಕೂ ಒಬ್ಬ ಕುಲದೇವರು, ಒಬ್ಬ ಕುಲಪುರೋಹಿತರು ಮತ್ತು ಒಬ್ಬ ಡಿವಿಡಿ ಚಿಕ್ಕಪ್ಪ ಇದ್ದೇ ಇರುತ್ತಾರೆ. ಮೊದಲಿನ ಇಬ್ಬರನ್ನು ಹಿರಿಯರು ಗೊತ್ತುಮಾಡಿ ಹೋಗಿರುತ್ತಾರೆ. ಮೂರನೆಯವರು ಸ್ವಯಂಭೂ. ಬ್ಯಾಂಕಿನಿಂದಲೋ ವಿದ್ಯುತ್ ಮಂಡಳಿಯಿಂದಲೋ ನಿವೃತ್ತರಾಗಿ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ, ಐವತ್ತು ಖಾಲಿ ಡಿಸ್ಕುಗಳ ಡಬ್ಬ ಹಿಡಿದು ಮನೆಗೆ ಬಂದ ದಿನ ಅವರ ಅವತಾರವಾಗುತ್ತದೆ.

ಅವರನ್ನು ಗುರುತಿಸುವುದು ಸುಲಭ. ಯಾರ ಮನೆಗೆ ಹೋದರೂ ಕಾಫಿ ಬರುವಷ್ಟರಲ್ಲಿ ಅವರ ಕಣ್ಣು ಟಿವಿ ಶೋಕೇಸಿನ ಕೆಳಗಿನ ಅರೆಗೆ ಇಳಿದಿರುತ್ತದೆ. ಅಲ್ಲಿ ಚನ್ನಪಟ್ಟಣದ ಬೊಂಬೆಗಳ ಹಿಂದೆ, ಮದುವೆ ಆಲ್ಬಮ್ಮಿನ ಜೊತೆ, ಸ್ಟುಡಿಯೋದವನು ಕೊಟ್ಟ ವಿಸಿಡಿಗಳು: ‘ಧಾರೆ’, ‘ರಿಸೆಪ್ಷನ್ 1’, ‘ರಿಸೆಪ್ಷನ್ 2’. ಚಿಕ್ಕಪ್ಪ ಒಂದನ್ನು ಅಂಚು ಹಿಡಿದೆತ್ತಿ, ಟ್ಯೂಬ್‌ಲೈಟಿಗೆ ಓರೆ ಮಾಡಿ, “ಗೀರು ಬಿದ್ದಿದೆ. ಇನ್ನು ಹೆಚ್ಚು ದಿನ ಇಲ್ಲ” ಎನ್ನುತ್ತಾರೆ. ಮನೆಯೊಡತಿ ಗಾಬರಿಯಿಂದ ಸೆರಗಿನಲ್ಲೇ ಒರೆಸಲು ಹೋದರೆ ತಡೆಯುತ್ತಾರೆ. “ದುಂಡಗೆ ಒರೆಸಬಾರದು! ನಡುವಿನಿಂದ ಅಂಚಿಗೆ, ನೇರ.” ಹೊರಡುವಾಗ ಕುಂಕುಮ, ತೆಂಗಿನಕಾಯಿ ಅವರ ಹೆಂಡತಿಯ ಕೈಲಿ, ಡಿವಿಡಿಗೆ ಇಳಿಸಲೆಂದು ವಿಸಿಡಿ ಇವರ ಕೈಲಿ.

ಅವರ ಉಪನ್ಯಾಸ ನಮಗೆಲ್ಲ ಬಾಯಿಪಾಠ. ವಿಸಿಡಿ 1993ರ ಸರಕು. ಫಿಲಿಪ್ಸ್, ಸೋನಿ, ಜೆವಿಸಿ, ಮತ್ಸುಷಿಟಾ ಕಂಪನಿಗಳು ಕೂಡಿ ನಿಯಮ ಬರೆದದ್ದು. ಒಂದರಲ್ಲಿ ಹಿಡಿಯುವುದು 74 ನಿಮಿಷ. ಅದಕ್ಕೇ ಸಿನಿಮಾದಲ್ಲಿ ಖಳನಾಯಕ ಮಚ್ಚು ಎತ್ತಿದಾಗ ನಾವು ಎದ್ದು ಹೋಗಿ ಎರಡನೇ ಡಿಸ್ಕ್ ಹಾಕುವವರೆಗೂ ಅವನು ಕೈ ಇಳಿಸುವಂತಿರಲಿಲ್ಲ. ಡಿವಿಡಿಗಾದರೋ 4.7 ಜಿಬಿ ಹೊಟ್ಟೆ. ಹಳೇ ವಿಡಿಯೋವನ್ನು ಇದ್ದ ಹಾಗೇ ತುಂಬಿದರೆ ಆರು ಗಂಟೆ ಆರಾಮವಾಗಿ ಹಿಡಿಸುತ್ತದೆ. “ಆರು ಗಂಟೆ ಒಬ್ಬರೂ ಜಾಗ ಬಿಟ್ಟು ಏಳಬೇಕಾಗಿಲ್ಲ!” ಎಂದು ಅವರು ಗೆಲುವಿನಿಂದ ಹೇಳುವಾಗ, ಕೂರುವವರು ಯಾರು ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ.

ಸಾಫ್ಟ್‌ವೇರ್ ಇಂಜಿನಿಯರ್ ಅಳಿಯನೊಬ್ಬ ಒಮ್ಮೆ “ಇದೇನು ಮಹಾ, ಮಾವ?” ಎಂದು ಎಲ್ಲ ವಿಸಿಡಿಗಳಿಂದ ವಿಡಿಯೋ ಇರುವ ಡ್ಯಾಟ್ ಫೈಲುಗಳನ್ನು ಎಳೆದು ಒಂದು ಡಿವಿಡಿಗೆ ಸುರಿದು ಕೊಟ್ಟ. ಪ್ಲೇಯರ್ ಅದನ್ನು ನುಂಗಿ, ಗಿರ್‍ರೆಂದು ತಿರುಗಿಸಿ, ‘ನೋ ಡಿಸ್ಕ್’ ಎಂದು ಉಗುಳಿತು. ಚಿಕ್ಕಪ್ಪ ಆ ದಿನ ಹಬ್ಬದಡಿಗೆ ಉಂಡಷ್ಟು ತೃಪ್ತರಾಗಿದ್ದರು. “ಕಂಪ್ಯೂಟರ್ ಓದುತ್ತೆ, ಟಿವಿಗೆ ಹಾಕೋ ಪ್ಲೇಯರ್ ಓದಲ್ಲ. ಅದಕ್ಕೆ ವಿಡಿಯೋ ಟಿಎಸ್ ಫೋಲ್ಡರ್ ಬೇಕು, ಅದರೊಳಗೆ ವಿಓಬಿ ಫೈಲ್ ಬೇಕು, ಕೊನೆಗೆ ಫೈನಲೈಸ್ ಮಾಡಬೇಕು” ಎಂದು ಅಳಿಯನ ಸಂಬಳವನ್ನೇ ಪ್ರಶ್ನಿಸುವ ದನಿಯಲ್ಲಿ ವಿವರಿಸಿದರು.

ಚಿತ್ರಕ್ಕಿಂತ ಶಬ್ದದ ವಿಷಯದಲ್ಲಿ ಅವರು ಹೆಚ್ಚು ಮಡಿವಂತರು. ವಿಸಿಡಿಯ ಧ್ವನಿ 44.1 ಕಿಲೋಹರ್ಟ್ಸ್, ಡಿವಿಡಿಗೆ 48 ಬೇಕು. ಧ್ವನಿಯನ್ನು ಬೇರ್ಪಡಿಸಿ, ಬದಲಿಸಿ, ಮತ್ತೆ ಕೂಡಿಸಬೇಕು. ಇದರಲ್ಲಿ ಕೊಂಚ ಎಡವಟ್ಟಾದರೆ ಬಾಯಿಗೂ ಮಾತಿಗೂ ತಾಳ ತಪ್ಪುತ್ತದೆ. ಅವರ ಮೊದಲ ಪ್ರಯೋಗದಲ್ಲಿ ಗಟ್ಟಿಮೇಳ ಮುಗಿದು, ಓಲಗದವರು ಬೆವರು ಒರೆಸಿಕೊಳ್ಳುವ ಸದ್ದೂ ಅಡಗಿದ ಮೇಲೆ ವರ ತಾಳಿ ಕಟ್ಟಿದ. ಹುಡುಗಿಯ ಅಜ್ಜಿ “ಆವತ್ತೇ ಹೇಳಿದ್ದೆ, ಮುಹೂರ್ತ ಮೀರಿತ್ತು ಅಂತ” ಎಂದು ಕಣ್ಣಿಗೆ ಸೆರಗು ಹಚ್ಚಿದರು.

“ಡಿವಿಡಿ ಆದಮೇಲೆ ಕ್ಲಿಯರ್ ಬರುತ್ತಾ?” ಎಂದು ಕೇಳುವವರ ಮೇಲೆ ಮಾತ್ರ ಅವರಿಗೆ ಕನಿಕರವಿಲ್ಲ. ವಿಸಿಡಿಯ ಚಿತ್ರ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕಿ, ಇದ್ದದ್ದು ಅಷ್ಟೇ. “ಹಳೇ ಸೀರೆಯನ್ನು ಹೊಸ ಬೀರುವಿನಲ್ಲಿಟ್ಟರೆ ಜರಿ ಹೊಸದಾಗುತ್ತೇನಮ್ಮಾ?” ಎನ್ನುತ್ತಾರೆ. ಅಗಲದ ಟಿವಿಯಲ್ಲಿ ನೆಂಟರೆಲ್ಲ ಅಡ್ಡಕ್ಕೆ ಹಿಗ್ಗಿ ಕಾಣುವುದಂತೂ ಅವರಿಗೆ ಸಹಿಸದು. ಯಾರದೇ ಮನೆಯಾಗಲಿ, ರಿಮೋಟ್ ಕಿತ್ತುಕೊಂಡು ನಾಲ್ಕಕ್ಕೆ ಮೂರರ ಅಳತೆಗೆ ತಂದು ಹೆಂಗಸರ ತೂಕ ಇಳಿಸುತ್ತಾರೆ. ಈ ಒಂದು ಸೇವೆಯಿಂದಾಗಿಯೇ ಅವರಿಗೆ ಎಲ್ಲ ಕಡೆ ಎರಡನೇ ಲೋಟ ಕಾಫಿ ಸಿಗುವುದು.

ಡಿಸ್ಕ್ ಸುಡುವ ದಿನ ಮನೆಯಲ್ಲಿ ಮೌನವ್ರತ. ಡಬ್ಬದ ಮೇಲೆ 16 ಎಕ್ಸ್ ಎಂದು ಬರೆದಿದ್ದರೂ ಅವರು 4 ಎಕ್ಸ್‌ನಲ್ಲೇ ಬರೆಯುವುದು; ಅವಸರದ ಬರಹ ಹಳೇ ಪ್ಲೇಯರಿಗೆ ಒಗ್ಗದು ಎಂಬ ನಂಬಿಕೆ. ಮಿಕ್ಸಿ ಹಾಕುವಂತಿಲ್ಲ, ಕುರ್ಚಿ ಎಳೆಯುವಂತಿಲ್ಲ. ತೊಂಬತ್ತು ಪರ್ಸೆಂಟಿಗೆ ಕರೆಂಟು ಹೋದರೆ ನಮ್ಮ ಚಿಕ್ಕಪ್ಪ ತಾವು ಇಡೀ ಜೀವಮಾನ ಸೇವೆ ಸಲ್ಲಿಸಿದ ವಿದ್ಯುತ್ ಮಂಡಳಿಯನ್ನೇ ಶಪಿಸುತ್ತಾರೆ. ಕೆಟ್ಟ ಡಿಸ್ಕುಗಳು ತಾರಸಿಯ ತಂತಿಗೆ ಏರಿ, ಹಪ್ಪಳ ಸಂಡಿಗೆಗೆ ಬರುವ ಕಾಗೆಗಳನ್ನು ಓಡಿಸುತ್ತವೆ.

ಹೀಗೆ ಎಲ್ಲರ ಮದುವೆಯನ್ನೂ ನಿಮಿಷ ನಿಮಿಷ ನೋಡಿದವರು ಇಡೀ ಬಳಗದಲ್ಲಿ ಅವರೊಬ್ಬರೇ. ಹಾಗಾಗಿ ಅವರು ಸಾಕ್ಷಿಯೂ ಹೌದು. “ನನ್ನನ್ನು ಆ ಮದುವೆಯಲ್ಲಿ ಊಟಕ್ಕೂ ಕರೆಯಲಿಲ್ಲ” ಎಂದು ದೊಡ್ಡತ್ತಿಗೆ ಕಣ್ಣೀರು ತೆಗೆದರೆ, ಚಿಕ್ಕಪ್ಪ ಪೇಪರಿನಿಂದ ತಲೆ ಎತ್ತದೆ, “ನಾಲ್ಕನೇ ಡಿಸ್ಕು, 41ನೇ ನಿಮಿಷ. ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದೀರಿ” ಎನ್ನುತ್ತಾರೆ.

ಅವರ ಜೀವಮಾನದ ಕನಸು ಒಂದೇ: ಆರು ಮನೆಗಳ ಆರು ಮಕ್ಕಳ ಆರು ಧಾರೆಗಳನ್ನು ಒಂದೇ ಡಿವಿಡಿಗೆ ತರುವುದು. ಆಸ್ತಿ ಪಾಲಾಗಿ, ಅಡಿಗೆಮನೆ ಬೇರೆಯಾಗಿ, ವಾಟ್ಸಾಪ್ ಗುಂಪೂ ಒಡೆದಿರುವಾಗ, ಡಿಸ್ಕಿನಲ್ಲಾದರೂ ಕುಟುಂಬ ಒಟ್ಟಿಗಿರಲಿ ಎಂದು. ಲೆಕ್ಕವೂ ಸರಿಯಾಯಿತು, ಧ್ವನಿಯೂ ಕೂಡಿತು. ಎಡವಿದ್ದು ಮೆನುವಿನಲ್ಲಿ.

ಡಿವಿಡಿ ಹಾಕಿದೊಡನೆ ಟಿವಿಯಲ್ಲಿ ಬರುವ ಮೊದಲ ಪುಟದಲ್ಲಿ ಆರು ಜೋಡಿಯ ಆರು ಪುಟ್ಟ ಚಿತ್ರ. ಮೊದಲನೆಯದು ಯಾರದು? ತಾರೀಖಿನಂತೆ ಹಾಕಿದರೆ ಓಡಿಹೋಗಿ ಮದುವೆಯಾಗಿ, ಆಮೇಲೆ ಹಿರಿಯರ ಕೈಲಿ ಧಾರೆ ಎರೆಸಿಕೊಂಡವಳು ಎಲ್ಲರಿಗಿಂತ ಮೇಲೆ ಬರುತ್ತಾಳೆ. ಅಪ್ಪಂದಿರ ವಯಸ್ಸಿನಂತೆ ಹಾಕಿದರೆ, ಕೊಟ್ಟ ಹೆಣ್ಣುಮಕ್ಕಳ ಮಕ್ಕಳು ಎಲ್ಲಿ ನಿಲ್ಲಬೇಕು? ಅಕಾರಾದಿ ಎಂದರೆ, ಗಂಡಿನ ಹೆಸರೋ ಹೆಣ್ಣಿನ ಹೆಸರೋ? ಲಗ್ನಪತ್ರಿಕೆಯ ‘ಸುಖಾಗಮನ ಬಯಸುವವರು’ ಪಟ್ಟಿಯಲ್ಲಿ ಮೂವತ್ತು ವರ್ಷ ನಡೆದ ಯುದ್ಧ ಮತ್ತೆ ಶುರುವಾಯಿತು. ದೊಡ್ಡತ್ತಿಗೆ ತಮ್ಮ ಮಗನನ್ನು ನಾಲ್ಕನೇ ಬಟನ್ನಿನಲ್ಲಿ ಕಂಡು ಗೌರಿ ಹಬ್ಬದ ಬಾಗಿನವನ್ನೇ ವಾಪಸು ಕಳಿಸಿದರು.

ಚಿಕ್ಕಪ್ಪ ಸೋಲುವವರಲ್ಲ. ಐದು ಮನೆಗೆ ಐದು ಡಿವಿಡಿ ಮಾಡಿದರು. ಒಳಗಿನ ಸರಕು ಒಂದೇ; ಯಾರ ಮನೆಗೋ ಅವರ ಜೋಡಿ ಮೊದಲ ಬಟನ್. ಪ್ರತಿಯೊಬ್ಬರೂ ಮೆನು ನೋಡಿ, ತೃಪ್ತರಾಗಿ, ಪ್ಲೇ ಒತ್ತದೆ ಟಿವಿ ಆರಿಸಿದರು. ಬಾಗಿನವೂ ಮರಳಿ ಬಂತು.

ಎಲ್ಲ ಹಂಚಿ ಮುಗಿದ ರಾತ್ರಿ ಚಿಕ್ಕಮ್ಮ ತಣ್ಣಗೆ ಕೇಳಿದರು: “ಐದರಲ್ಲೂ ನಮ್ಮ ಮಗಳೇ ಕೊನೆ ಅಲ್ವಾ?”

ಚಿಕ್ಕಪ್ಪ ಮಾತಾಡದೆ ಎದ್ದು ಡಬ್ಬದಿಂದ ಆರನೆಯದನ್ನು ತೆಗೆದರು. ಆರು ಡಿಸ್ಕುಗಳನ್ನು ಒಂದು ಮಾಡಲು ಹೊರಟ ಯೋಜನೆ, ಆರು ಡಿಸ್ಕುಗಳಾಗಿ ಯಶಸ್ವಿಯಾಗಿ ಮುಕ್ತಾಯಗೊಂಡಿತು.